‘ಆಡಳಿತ ಹೊಣೆಯಲ್ಲ’ ಎಂಬ ಫಲಕಕ್ಕೆ, ಮಾರಿಸ್ ಗಾಡಿಯ ಮಾಲೀಕನಿಂದ

ಆಂಟಾಪ್ ಹಿಲ್, ಮುಂಬಯಿ

ಮಾನ್ಯ ಫಲಕ ಮಹೋದಯರೇ,

ಸಾಂತಾಕ್ರೂಜ್‌ನ ಮದುವೆ ಹಾಲ್‌ನ ಅಂಗಳದಲ್ಲಿ, ಗೇಟಿನ ಪಕ್ಕದ ಗೋಡೆಯನ್ನೇರಿ, ನೀಲಿ ತಗಡಿನ ಮೇಲೆ ಬಿಳಿ ಅಕ್ಷರಗಳಾಗಿ ವಿರಾಜಿಸುತ್ತಿರುವ ತಮ್ಮ ಸನ್ನಿಧಿಗೆ ತಲೆಬಾಗಿ ವಂದನೆಗಳು. ‘ಇಲ್ಲಿ ನಿಲ್ಲಿಸಿದ ವಾಹನಗಳಿಗೆ ಆಗುವ ಹಾನಿಗೆ ಆಡಳಿತ ಹೊಣೆಯಲ್ಲ’ ಎಂದು ಇಂಗ್ಲಿಷ್, ಮರಾಠಿ, ಗುಜರಾತಿಗಳಲ್ಲಿ ಸಾರುವ ತಮಗೆ ಕನ್ನಡ ಬಾರದೆಂದು ಬಲ್ಲೆ. ಆದರೂ ತಮಗೇ ಬರೆಯುತ್ತಿದ್ದೇನೆ. ಏಕೆಂದರೆ ನನ್ನ ಗಾಡಿಯ ಮಡ್‌ಗಾರ್ಡ್ ಒಳಕ್ಕೆ ಹೋದ ವಿಷಯ ಎದ್ದಾಗ ಹಾಲ್‌ನ ಮ್ಯಾನೇಜರರು, ಅವರ ಗುಮಾಸ್ತರು, ಕೊನೆಗೆ ಮದುಮಗಳ ಸೋದರಮಾವ ಕೂಡ ಉತ್ತರ ಕೊಡುವ ಬದಲು ಗೋಡೆಯ ಮೇಲಿನ ತಮ್ಮತ್ತ ಬೆರಳು ತೋರಿಸಿದರು. ಇಷ್ಟು ಜನ ಒಮ್ಮತದಿಂದ ಬೆರಳು ತೋರಿಸುವ ಅಧಿಕಾರಿಯನ್ನು ನಾನು ಈ ರಾಜ್ಯದಲ್ಲಿ ಬೇರೆಲ್ಲೂ ಕಂಡಿಲ್ಲ.

ನನ್ನ ಪರಿಚಯ ಹೇಳಿಕೊಳ್ಳಬೇಕು. ಜೋಗೇಶ್ವರಿಯ ಕಾರ್ಖಾನೆಯೊಂದರಲ್ಲಿ, ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ತಿರಸ್ಕರಿಸುವುದು ನನ್ನ ಕೆಲಸ. ಮಾತಿನಲ್ಲಿಯೂ ಅಷ್ಟೇ ಅಳತೆಯವನೆಂದು ನಾನು ತಿಳಿದಿದ್ದೇನೆ. ಮಾತೇ ಇಲ್ಲದವನೆಂದು ನನ್ನ ಪತ್ನಿ ಶರಣವ್ವ ತಿಳಿದಿದ್ದಾಳೆ. ಕಳೆದ ಭಾನುವಾರ ಪರಿಚಿತರ ಮದುವೆಗೆ ನಾವು ಬಂದದ್ದು ಅಕ್ಷತೆ ಹಾಕುವುದಕ್ಕಷ್ಟೇ ಅಲ್ಲ. ನಮ್ಮ ಮಗಳು ನೀಲಾವತಿಯನ್ನು, ಬೆಳಗಾವಿ ಕಡೆಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಒಬ್ಬ ಬಟ್ಟೆ ವ್ಯಾಪಾರಿ ಗೃಹಸ್ಥರು ತಮ್ಮ ಮಗನಿಗಾಗಿ ಊಟದ ಪಂಕ್ತಿಯಲ್ಲಿ ಅಕಸ್ಮಾತ್ತಾಗಿ ನೋಡುವವರಿದ್ದರು. ಈ ಅಕಸ್ಮಾತ್ತನ್ನು ಏರ್ಪಡಿಸಲು ಎರಡೂ ಕಡೆಯ ಹಿರಿಯರು ಎರಡು ತಿಂಗಳು ಶ್ರಮಿಸಿದ್ದರು.

ಅಂಗಳದೊಳಗೆ ನನ್ನ ಹಳೆಯ ಹಸಿರು ಮಾರಿಸನ್ನು ತಂದಾಗ, ತಮ್ಮ ನೆರಳಿನಲ್ಲೇ ನಿಂತು ಗಾಡಿಗಳನ್ನು ನೋಡಿಕೊಳ್ಳುವ ಚೆನ್ನಯ ಓಡಿಬಂದು, “ಸಾಹೇಬ್ರೇ, ಬ್ರೇಕ್ ಹಾಕ್ಬೇಡಿ, ಗೇರೂ ಬೇಡ. ಹಿಂದಿನವ್ರು ಬಂದ್ರೆ ಸ್ವಲ್ಪ ದೂಡ್ಲಿಕ್ಕುಂಟು” ಎಂದ. ಮುಂಬಯಿಯ ಇಕ್ಕಟ್ಟಾದ ಅಂಗಳಗಳಲ್ಲಿ ಇದೇ ಪದ್ಧತಿಯೆಂದು ತಾವು ಬಲ್ಲಿರಿ. ಎಲ್ಲರೂ ಗಾಡಿಯನ್ನು ಸಡಿಲ ಬಿಟ್ಟು ಹೋಗುತ್ತಾರೆ, ಕಾವಲುಗಾರ ಅಂಗೈಯಿಂದ ಒಂದೊಂದನ್ನೇ ಸರಿಸಿ ಬಂದವರಿಗೆಲ್ಲ ಜಾಗ ಮಾಡುತ್ತಾನೆ. ಆದರೆ ನಾನು ತಾಂತ್ರಿಕ ಶಿಕ್ಷಣ ಪಡೆದವನು. ನಿಂತ ವಾಹನ ನಿಂತೇ ಇರಬೇಕೆಂಬ ತತ್ತ್ವವನ್ನು ಅವನಿಗೆ ಒಂದು ಮುಗುಳ್ನಗೆಯಿಂದ ತಿಳಿಸಿ, ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಬೀಗ ಹಾಕಿ, ಡಿಕ್ಕಿಯಲ್ಲಿ ಸದಾ ಇಟ್ಟುಕೊಳ್ಳುವ ಮರದ ತುಂಡೊಂದನ್ನು ಚಕ್ರದಡಿ ಸಿಕ್ಕಿಸಿ, ಸಾಲಿನ ನಟ್ಟನಡುವೆ ಒಂದು ಸ್ಮಾರಕವನ್ನು ಸ್ಥಾಪಿಸಿದ ಸಮಾಧಾನದಿಂದ ಒಳಗೆ ಹೋದೆ.

ಊಟ ಚೆನ್ನಾಗಿತ್ತು. ಗೃಹಸ್ಥರು ತಡವಾಗಿ ಬಂದರೂ ನೀಲಾವತಿಯನ್ನು ನೋಡಿ ಸಂತೋಷಪಟ್ಟರು. ಡ್ರೈವರನಿದ್ದರೂ ಅಂದು ತಾವೇ ಗಾಡಿ ನಡೆಸಿಕೊಂಡು ಬಂದುದಾಗಿ ಪಾಯಸದ ವೇಳೆಗೆ ತಿಳಿಸಿದರು. ಕೈತೊಳೆದು ಎಲ್ಲರೂ ಅಂಗಳಕ್ಕೆ ಬಂದಾಗ ನನ್ನ ಮಾರಿಸಿನ ಹಿಂದಿನ ಮಡ್‌ಗಾರ್ಡ್ ಹಿಸುಕಿದ ಡಬ್ಬಿಯಂತಾಗಿತ್ತು. ಪಕ್ಕದಲ್ಲಿ, ಸರಿಯದ ನನ್ನ ಗಾಡಿ ಉಳಿಸಿದ್ದ ಕಿಂಡಿಯೊಳಗೆ ತೂರಿಸಿದಂತೆ, ಗೃಹಸ್ಥರ ಉದ್ದನೆಯ ಡಾಜ್ ಕಾರು ನಿಂತಿತ್ತು. ಮದುವೆಗೂ ಜೇಬಿನಲ್ಲಿ ಉಕ್ಕಿನ ಅಡಿಪಟ್ಟಿ ಇಟ್ಟುಕೊಂಡು ಬರುವ ನನ್ನ ಅಭ್ಯಾಸವನ್ನು ಶರಣವ್ವ ಎಂದೂ ಮೆಚ್ಚಿದವಳಲ್ಲ. ಅದನ್ನು ತಗ್ಗಿಗೆ ಹಿಡಿದು ನೋಡಿದೆ. ನಾಲ್ಕು ಹೆಜ್ಜೆ ನಡೆದು ಡಾಜ್‌ನ ಬಂಪರಿಗೆ ಹಿಡಿದು ನೋಡಿದೆ. ಎತ್ತರ ಒಂದೇ. ಅಡಿಪಟ್ಟಿಯ ಅಗತ್ಯವೂ ಇರಲಿಲ್ಲ. ಬಂಪರಿನ ಅಂಚಿನಲ್ಲಿ ನನ್ನ ಹಸಿರು ಬಣ್ಣ ಹತ್ತಿತ್ತು.

ಆಗಲೇ ಗೃಹಸ್ಥರ ಕಣ್ಣು ತಗ್ಗಿನ ಮೇಲೆ ಬಿತ್ತು. “ಯಾಂವ್ರೀ ಅಂವಾ? ಕಣ್ಣೇನ್ ಮನ್ಯಾಗ ಇಟ್ಟ ಬಂದಿದ್ನೇನ? ಬೀಗರ, ನೀವು ಸುಮ್ನಿರ್ರಿ, ನಾ ನೋಡ್ಕೋತೀನಿ” ಎಂದು ಗುಡುಗಿದರು. ಸುಮ್ಮನಿರೆಂದು ನನಗೆ ಹೇಳುವ ಅಗತ್ಯ ಯಾರಿಗೂ ಬಿದ್ದದ್ದಿಲ್ಲ, ಆ ಮಾತು ಬಿಡಿ. ಅವರು ನನ್ನನ್ನು ‘ಬೀಗರ’ ಎಂದು ಕರೆದದ್ದು ಅದೇ ಮೊದಲು. ಒಳಗೆ ಪಾಯಸ ಬಡಿಸುವಾಗಲೂ ಬಾರದಿದ್ದ ಆ ಶಬ್ದ, ಅವರೇ ಮಾಡಿದ ತಗ್ಗಿನ ಮುಂದೆ ಬಂತು. ನಾನು ಬಾಯಿ ತೆರೆಯಬಹುದೆಂಬ ಸಂಶಯ ಬಂದು ಶರಣವ್ವ ಹಿಂದಿನಿಂದ, “ಮೂವತ್ತ ವರ್ಷ ಸುಮ್ನ ಇದ್ದೀರಿ, ಇನ್ನ ಹತ್ತ ನಿಮಿಷ ಇರಾಕ ಆಗೂದಿಲ್ಲೇನ್ರೀ?” ಎಂದು ಪಿಸುಗುಟ್ಟಿದಳು. ಆಯಿತು. ನಾನು ಸುಮ್ಮನಿದ್ದದ್ದಷ್ಟೇ ಅಲ್ಲ, ಎರಡು ಹೆಜ್ಜೆ ಹಿಂದೆ ಸರಿದು, ಇಸ್ತ್ರಿ ಮಾಡಿದ ನನ್ನ ಬಿಳಿಯ ಕೋಟಿನ ಹಿಂಭಾಗದಿಂದ ಆ ಬಂಪರಿನ ಅಂಚನ್ನು ಮುಚ್ಚಿಕೊಂಡು ನಿಂತೆ. ಜೀವನವಿಡೀ ದೋಷ ಹುಡುಕಿ ಸಂಬಳ ಪಡೆದವನಿಗೆ, ದೋಷ ಮುಚ್ಚುವ ಕೆಲಸವೂ ಒಗ್ಗುತ್ತದೆಂದು ತಿಳಿದು ಆಶ್ಚರ್ಯವಾಯಿತು.

ಪಾನನಿಷೇಧವಿರುವ ಈ ರಾಜ್ಯದಲ್ಲಿ ಯಾರೋ ಕುಡಿದು ಗುದ್ದಿದನೆಂದು ಹೇಳುವ ಅನುಕೂಲವೂ ಇಲ್ಲವಾದ್ದರಿಂದ ಗುಡುಗು ನೇರವಾಗಿ ಚೆನ್ನಯನ ಕಡೆಗೆ ತಿರುಗಿತು. “ನಾನು ಗೇಟಿನ ಹತ್ರ ಬೇರೆ ಗಾಡಿ ದೂಡ್ತಾ ಇದ್ದೆ. ಈ ಗಾಡಿ ಸರಿಯುದಿಲ್ಲ ಅಂತ ಈ ಸಾಹೇಬ್ರಿಗೆ ಗೊತ್ತುಂಟು, ಕೇಳಿ ಬೇಕಾದ್ರೆ” ಎಂದು ಅವನು ನನ್ನನ್ನು ನೋಡಿದ. ಎಲ್ಲರೂ ನೋಡಿದರು. ನಾನು ತಮ್ಮನ್ನು ನೋಡಿದೆ. ಆ ಕ್ಷಣದಲ್ಲಿ ತಾವು ತೋರಿದ ಸಂಯಮವನ್ನು ಎಷ್ಟು ಹೊಗಳಿದರೂ ಸಾಲದು. ನಾನೂ ಹಾಗೆಯೇ ನಡೆದುಕೊಂಡೆ, ಅಂಗಳದಲ್ಲಿ ಎರಡನೆಯ ಫಲಕವಾಗಿ. ಅಷ್ಟರಲ್ಲಿ ಮ್ಯಾನೇಜರರು ದೊಡ್ಡ ಗಾಡಿಯ ಅತಿಥಿಗಳನ್ನು ಸಮಾಧಾನಪಡಿಸಲು, ನಾಳೆಯಿಂದ ಬರಬೇಡವೆಂದು ಚೆನ್ನಯನಿಗೆ ಹೇಳಿಬಿಟ್ಟರು. ಆಡಳಿತದ ತಲೆಯ ಮೇಲಿಂದ ತಾವು ಎಷ್ಟು ಜೋಪಾನವಾಗಿ ಇಳಿಸಿದ ಹೊಣೆ ಕೊನೆಗೆ ಯಾವ ತಲೆಯ ಮೇಲೆ ಹೋಗಿ ಕೂತಿತೆಂಬುದನ್ನು ತಾವು ಎತ್ತರದಿಂದ ನೋಡಿಯೇ ಇರುತ್ತೀರಿ.

ಆದುದರಿಂದ ವಿನಂತಿ. ಚೆನ್ನಯನಿಲ್ಲದ ಆ ಅಂಗಳದಲ್ಲಿ ತಾವೇ ದಯಮಾಡಿ ಮೊಳೆ ಕಿತ್ತುಕೊಂಡು ಕೆಳಗಿಳಿದು ಗಾಡಿಗಳನ್ನು ದೂಡಬೇಕು. ಬಿಸಿಲಿಗೆ ನಿಂತವರಿಗೆ ನೀರು ತಂದುಕೊಡಬೇಕು. ಮೂರು ಭಾಷೆಗಳಲ್ಲಿ ಬೈಸಿಕೊಂಡು ಚೆನ್ನಯನಂತೆ ತುಳುವಿನಲ್ಲಿ ಗೊಣಗುವುದನ್ನು ಕಲಿಯಬೇಕು. ಹೆಣ್ಣು ಹೆತ್ತವರ ಕೊರಳಲ್ಲಿ ತೂಗುವಂತೆ ತಮ್ಮದೊಂದು ಚಿಕ್ಕ ಪ್ರತಿಯನ್ನು ಮಾಡಿಸಿಕೊಟ್ಟರೆ, ನಮ್ಮ ಬಾಯಿ ಏಕೆ ತೆರೆಯುವುದಿಲ್ಲವೆಂದು ಕೇಳುವವರಿಗೆ ತೋರಿಸಿ ಮುಂದೆ ಹೋಗಬಹುದು.

ಇಷ್ಟನ್ನು ಬರೆದು, ಪತ್ರಿಕೆಗೆ ಕಳಿಸುವ ಮುನ್ನ ನೀಲಾವತಿಗೆ ಕೊಟ್ಟೆ. ಪತ್ರ ನನ್ನದಾದರೂ ಇದರಿಂದ ಮುರಿಯಬಹುದಾದ ಸಂಬಂಧ ಅವಳದು. ಅವಳು ನಿಧಾನವಾಗಿ ಓದಿದಳು. ಬಂಪರಿನ ಸಾಲಿನಲ್ಲಿ ನಾನು ‘ಬಹುಶಃ’ ಎಂದು ಸೇರಿಸಿದ್ದೆ. “ಅಪ್ಪಾ, ಪಟ್ಟಿ ಹಿಡದು ನೋಡೀರಿ, ಮತ್ತ ಬಹುಶಃ ಯಾಕ? ಹುಡುಗನ್ನ ನಾ ಬ್ಯಾಡ ಅನ್ನಾಂಗಿಲ್ಲ. ಆದ್ರ ಆ ಚೆನ್ನಯ ಅಣ್ಣನ ಕೆಲಸದ ಮ್ಯಾಲ ನನ್ನ ಲಗ್ನದ ಅಕ್ಕಿಕಾಳು ಬೀಳೂದು ಬ್ಯಾಡ” ಎಂದು ಹೇಳಿ, ಆ ಪದವನ್ನು ಹೊಡೆದುಹಾಕಿದಳು. ಅಡಿಗೆಮನೆಯಲ್ಲಿ ಶರಣವ್ವ ಪಾತ್ರೆಗಳನ್ನು ಬಹಳ ಸದ್ದು ಮಾಡಿ ಜೋಡಿಸಿದಳು. ಬೇಡವೆಂದು ಮಾತ್ರ ಹೇಳಲಿಲ್ಲ. ಹೀಗಾಗಿ, ಬಹುಶಃ ಇಲ್ಲದೆ ಬರೆಯುತ್ತೇನೆ: ಸರಿಯದಂತೆ ಗಾಡಿ ನಿಲ್ಲಿಸಿದವನು ನಾನು, ಗುದ್ದಿದ್ದು ಡಾಜ್, ಚೆನ್ನಯನ ತಪ್ಪು ಏನೂ ಇಲ್ಲ. ಇದರ ಇಂಗ್ಲಿಷ್ ಪ್ರತಿಯನ್ನು ನಾಳೆ ಬೆಳಿಗ್ಗೆ ನಾನೇ ಮ್ಯಾನೇಜರರ ಕೈಗೆ ಕೊಟ್ಟು, ಅವರು ಓದಿ ಮುಗಿಸುವ ತನಕ ತಮ್ಮ ಕೆಳಗೇ ನಿಂತಿರುತ್ತೇನೆ.

ತಮ್ಮ ವಿಶ್ವಾಸಿ, ಮತ್ತು ಒಂದು ಮಧ್ಯಾಹ್ನದ ಮಟ್ಟಿಗೆ ತಮ್ಮ ಸಹೋದ್ಯೋಗಿ,
ಬಸವಂತಪ್ಪ

ತಾ.ಕ.: ಹೆಸರು ಹೇಳದಿದ್ದರೆ ಮುಂಬಯಿಯಲ್ಲಿ ಡಾಜ್ ಇರುವ ಗೃಹಸ್ಥರೆಲ್ಲ ಒಬ್ಬರನ್ನೊಬ್ಬರು ಅನುಮಾನಿಸಬೇಕಾದೀತು; ಆದ್ದರಿಂದ ಹೇಳುತ್ತೇನೆ, ಆ ಬಟ್ಟೆ ವ್ಯಾಪಾರಿ ಗೃಹಸ್ಥರು ಶ್ರೀ ಶಂಕ್ರೆಪ್ಪನವರು. ಇದನ್ನು ಓದಿ, ಚೆನ್ನಯನನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳುವಂತೆ ಮ್ಯಾನೇಜರರಿಗೆ ಒಂದು ಮಾತು ಹೇಳಿ, ಆಮೇಲೂ ಮಾತುಕತೆಗೆ ನಮ್ಮ ಮನೆಗೆ ಬರುವ ಮನಸ್ಸು ಅವರಿಗಿದ್ದರೆ ಅವಶ್ಯ ಬರಲಿ. ಡಾಜ್ ಬಿಟ್ಟು, ಲೋಕಲ್ ರೈಲಿನಲ್ಲಿ ವಡಾಳಾಕ್ಕೆ ಬಂದು ನಡೆದು ಬರಬೇಕೆಂದಷ್ಟೇ ನೀಲಾವತಿಯ ಪ್ರಾರ್ಥನೆ. ನಮ್ಮ ಬಿಲ್ಡಿಂಗಿನ ಮುಂದೆ ಮಕ್ಕಳು ಆಡುತ್ತಿರುತ್ತಾರೆ.