ತೊಳೆದ ತಾಟು, ಮುರಿದ ದಮ್ಮು

ನಮ್ಮ ಓಣಿಯಲ್ಲಿ ನಗುವಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ನಕ್ಕರೆ ಕೆಮ್ಮು ಬರುತ್ತದೆ, ಅದೊಂದೇ ತೊಂದರೆ.

ಶಹಾಬಾದಿನ ಫರಸಿ ಕಲ್ಲು ನಿಮ್ಮ ಮನೆಯ ನೆಲದಲ್ಲೂ ಇರಬಹುದು. ಅದಕ್ಕೆ ಹೊಳಪು ಬರುವುದು ನಮ್ಮ ಓಣಿಯ ಹಿಂದಿರುವ ಪಾಲಿಶ್ ಮಷಿನ್‌ಗಳಲ್ಲಿ. ಕಲ್ಲು ಉಜ್ಜಿದಾಗ ಬರುವ ಬಿಳಿ ರಾಡಿಯನ್ನು ಟ್ರ್ಯಾಕ್ಟರಿನಲ್ಲಿ ತಂದು ನಮ್ಮ ಮಕ್ಕಳ ಆಟದ ಬಯಲಿನ ಪಕ್ಕ ಗುಡ್ಡೆಯಾಗಿ ಸುರಿಯುತ್ತಾರೆ. ಬಿಸಿಲಿಗೆ ಅದು ಒಣಗಿ ಪುಡಿಯಾಗುತ್ತದೆ. ಗಾಳಿ ಬೀಸಿದರೆ ಆ ಪುಡಿ ನಮ್ಮ ರೊಟ್ಟಿಯ ಹಿಟ್ಟಿನಲ್ಲಿ, ಕುಡಿಯುವ ನೀರಿನಲ್ಲಿ, ಮಲಗಿದ ಕೂಸಿನ ರೆಪ್ಪೆಯ ಮೇಲೆ. ಹೊಳಪು ನಿಮಗೆ, ಪುಡಿ ನಮಗೆ.

ಆ ಗುಡ್ಡೆ ಎತ್ತಿಸಬೇಕೆಂದು ನಾನು ಕೂಗುತ್ತಲೇ ಬಂದಿದ್ದೇನೆ. ನಾನು ಓದು ಕಲಿತದ್ದು ಶಾಲೆಯಲ್ಲಲ್ಲ, ಭಜಿ ಕಟ್ಟಿಕೊಟ್ಟ ಪೇಪರಿನಲ್ಲಿ. ಹೀಗಾಗಿ ನನ್ನ ಅರ್ಜಿಗಳಲ್ಲಿ 'ಮಾನ್ಯರೇ' ಅನ್ನುವುದು ಮೊದಲ ಸಾಲಿನಲ್ಲಿ ಮಾತ್ರ ಇರುತ್ತದೆ.

ಹೋದ ವರ್ಷ ಒಂದು ಡಿಗ್ರಿ ಕಾಲೇಜಿನ ಹುಡುಗ ಹುಡುಗಿಯರು ನಮ್ಮಲ್ಲಿಗೆ ಬಂದರು. ಧೂಳಿನ ಬಗ್ಗೆ ತಿಳಿವಳಿಕೆ ಕೊಡುವುದು, ಸಂಜೆ ಓಣಿಯ ಹುಡುಗಿಯರಿಗೆ ಕಬಡ್ಡಿ ಕಲಿಸುವುದು ಅವರ ಕೆಲಸ. ಎಲ್ಲಕ್ಕೂ ಮುಂದೆ ಇದ್ದವಳು ಚಿತ್ತಾಪುರದಿಂದ ಬರುತ್ತಿದ್ದ ಕನ್ನಡಕದ ಹುಡುಗಿ. ಕಬಡ್ಡಿ ಕಲಿಸುತ್ತಿದ್ದವನು ಕೊರಳಲ್ಲಿ ಸದಾ ಸೀಟಿ ನೇತುಹಾಕಿಕೊಂಡ ಹುಡುಗ.

ಮೊದಲ ದಿನವೇ ಹೇಳಿದೆ: "ಉಪದೇಶ ಮಾಡ್ಲಿಕ್ಕ ಬಂದಿದ್ರ ಹಿಂದಕ್ಕ ಹೋಗ್ರಿ. ಧೂಳು ನುಂಗಿದ್ರ ಏನಾಗ್ತದ ಅಂತ ನಮಗ ನಿಮ್ಮಕಿಂತ ಚಲೋ ಗೊತ್ತದ. ಗುಡ್ಡಿ ಎತ್ತಿಸ್ಲಿಕ್ಕ ಬಂದಿದ್ರ ಕುಂದ್ರಿ."

ಕುಂತರು. ನನಗೇ ಆಶ್ಚರ್ಯ.

ತಾಟಿನ ಪರೀಕ್ಷೆ

ಗುಡ್ಡೆಯ ಮಾತೆತ್ತಿದರೆ, ನಾನು ಅರ್ಜಿ ಕೊಡುತ್ತಿದ್ದ ಸರಕಾರಿ ಆಫೀಸಿನ ಸಾಹೇಬರು ಒಂದೇ ಮಾತು ಹೇಳುತ್ತಿದ್ದರು: "ಧೂಳು ಬರ್ತದ ಅನ್ಲಿಕ್ಕೆ ಪುರಾವೆ ಏನದ?"

ಕನ್ನಡಕದ ಹುಡುಗಿ ಒಂದು ಉಪಾಯ ಹುಡುಕಿದಳು. ಪ್ರತಿ ಮನೆಯವರೂ ಮಾಳಿಗೆಯ ಮೇಲೆ ಒಂದು ಸ್ಟೀಲ್ ತಾಟು ಇಡಬೇಕು. ಒಂದು ವಾರ ಯಾರೂ ಮುಟ್ಟಬಾರದು. ಆಮೇಲೆ ಸಾಹೇಬರನ್ನು ಕರೆತಂದು, ತಾಟಿನ ಮೇಲೆ ಕೂತ ಪುಡಿಯನ್ನು ಅವರ ಕಣ್ಣಾರೆ ತೋರಿಸುವುದು. ನಾನೂ ಒಪ್ಪಿದೆ. ಎರಡು ದಿನಕ್ಕೇ ತಾಟುಗಳು ಬೆಳ್ಳಗಾದವು. ನನಗೆ ಹಬ್ಬ.

ಸಾಹೇಬರು ಬಂದರು. ಮೊದಲ ಮನೆಯ ಏಣಿ ಹತ್ತಿದರು. ನೋಡಿದರೆ, ಒತ್ತಿಕೊಂಡ ಮಾಳಿಗೆಗಳ ತಾಟುಗಳೆಲ್ಲ ಮುಖ ಕಾಣುವಷ್ಟು ಫಳಫಳ. ಒಂದರಲ್ಲಿ ಎಲೆ ಅಡಿಕೆ, ಇನ್ನೊಂದರಲ್ಲಿ ಸಕ್ಕರೆ ಬೇರೆ ಇಟ್ಟಿದ್ದರು.

ಕನ್ನಡಕದ ಹುಡುಗಿ ಆ ಮನೆಯವಳ ಕಡೆ ತಿರುಗಿದಳು. "ಅವ್ವಾ, ತೊಳೀಬ್ಯಾಡ್ರಿ ಅಂತ ಅಷ್ಟು ಹೇಳಿದ್ದೆನಲ್ಲ!"

ಆ ಮನೆಯವಳು ನಮ್ಮ ಕಬಡ್ಡಿ ಟೀಮಿನ ಕ್ಯಾಪ್ಟನ್ ಹುಡುಗಿಯ ತಾಯಿ. ಆಕೆ ಸೆರಗು ಸರಿಮಾಡಿಕೊಂಡು ಹೇಳಿದಳು: "ಹೇಳಿದ್ದಿ ಖರೇ ನನ್ನವ್ವಾ. ಆದ್ರ ದೊಡ್ಡ ಮನಶ್ಯಾ ಮನಿಗಿ ಬರ್ತಾನಂದ್ರ ಹೊಲಸ ತಾಟು ಹ್ಯಾಂಗ ಮುಂದಿಡ್ಲಿ? ಈ ಮನಿಯಾಗ ಹೆಣ್ಮಕ್ಳು ಸತ್ತಾರೇನು ಅಂತ ಮಂದಿ ಅನ್ನಂಗಿಲ್ಲೇನು?"

ಸಾಹೇಬರು ತಾಟಿನ ಮೇಲೆ ಬೆರಳು ಎಳೆದರು. ಬೆರಳನ್ನು ನಮಗೆಲ್ಲ ತೋರಿಸಿದರು. "ಎಲ್ಲದ ಧೂಳು?"

ನಾನು ಕೆಳಗಿನಿಂದಲೇ ಒದರಿದೆ: "ಸಾಹೇಬ್ರ, ತಾಟು ಬಿಡ್ರಿ! ಗ್ವಾಡಿ ನೋಡ್ರಿ, ಗ್ವಾಡಿ!"

ಸಾಹೇಬರು ಗೋಡೆ ನೋಡಿದರು. ಓಣಿಯ ಒಂದೊಂದೇ ಗೋಡೆ ನೋಡಿದರು. ಎಲ್ಲವೂ ಬೆಳ್ಳಗಿದ್ದವು.

"ಚಲೋ ಸುಣ್ಣ ಹಚ್ಚೀರಿ ಎಲ್ರೂ," ಅಂದರು.

ಮಾಲಕರ ವೇಷ

ಸಾಹೇಬರು 'ಧೂಳು ಕಂಡುಬಂದಿಲ್ಲ' ಎಂದು ಬರೆದುಕೊಂಡು ಹೋದ ಮೇಲೆ ಹುಡುಗರು, ಇನ್ನು ಜನರನ್ನೇ ಎಬ್ಬಿಸೋಣ ಎಂದರು. ವಾಡಿ ಸ್ಟೇಷನ್ನಿನ ಹೊರಗೆ ಬೀದಿ ನಾಟಕ. ಸೀಟಿ ಹುಡುಗ ಪಾಲಿಶ್ ಮಷಿನ್ ಮಾಲಕನ ವೇಷ ಹಾಕಿದ. ಯಾರದೋ ಮದುವೆಯ ಕೋಟು, ಕಪ್ಪು ಚಶ್ಮಾ. ಅವನು ನೋಟಿನ ಗಾಳಿ ಹಾಕಿಕೊಳ್ಳುತ್ತ ನಗುವುದು, ಉಳಿದವರು ಅವನ ಕಾಲ ಬಳಿ ಕೆಮ್ಮಿ ಕೆಮ್ಮಿ ಸಾಯುವುದು. ಸತ್ತವರು ಬಹಳ ಚೆನ್ನಾಗಿ ಸತ್ತರು. ಚಪ್ಪಾಳೆಯೂ ಬಿತ್ತು.

ನಾಟಕ ಮುಗಿದು ಬಸ್ಸಿಗೆ ನಿಂತಾಗ ಒಬ್ಬ ಮುದುಕ ಕೋಟಿನ ಹುಡುಗನ ಹಿಂದೆಯೇ ಬಂದ. ಕೈ ಮುಗಿದ.

"ಸಾಹೇಬ್ರ, ನನ್ನ ಮಗ ಐಟಿಐ ಮಾಡ್ಯಾನ್ರಿ. ಮನಿಯಾಗ ಖಾಲಿ ಕುಂತಾನ. ನಿಮ್ಮಲ್ಲಿ ಹಚ್ಕೋರಿ."

"ಅಜ್ಜಾ, ನಾ ಮಾಲಕ ಅಲ್ರಿ. ವೇಷ ಹಾಕೀನಿ. ಬಿ.ಎ. ಓದಾಕತ್ತೀನಿ."

"ಕೆಲಸ ಕೇಳಿದ್ರ ಎಲ್ಲಾ ಮಾಲಕ್ರೂ ಹಿಂಗೇ ಏನರೆ ಒಂದು ಅಂತಾರ್ರಿ."

ಹುಡುಗ ಚಶ್ಮಾ ತೆಗೆದ. "ಅಜ್ಜಾ, ಈಗಷ್ಟೇ ನೋಡಿದಿಲ್ಲೋ? ಅಲ್ಲಿ ಕೆಲಸ ಮಾಡೋರು ಧೂಳು ಕುಡದು ಸಾಯಾಕತ್ತಿದ್ರು!"

"ನೋಡಿದೆನ್ರಿ, ಪೂರಾ ನೋಡಿದೆ," ಅಂದ ಮುದುಕ. "ಅವರು ಸತ್ತ ಮ್ಯಾಲ ಜಾಗಾ ಖಾಲಿ ಆಗ್ತಾವಲ್ಲ, ಅದಕ್ಕೇ ಕೇಳಾಕತ್ತೀನಿ."

ಎಲೆ ತೊಳೆಯುವವರು

ನಮ್ಮ ಕ್ಯಾಪ್ಟನ್ ಹುಡುಗಿಯ ಬಗ್ಗೆ ಹೇಳಬೇಕು. ಒಂಬತ್ತನೇ ಕ್ಲಾಸು. ಕಾಲು ಚಿಗರಿಯದು, ಕಣ್ಣು ಹದ್ದಿನದು. ಕಬಡ್ಡಿಯಲ್ಲಿ ಅವಳನ್ನು ಹಿಡಿಯುವವರಿಲ್ಲ. ಆದರೆ 'ಕಬಡ್ಡಿ ಕಬಡ್ಡಿ' ಎಂದು ಎದುರಾಳಿಗಳ ಅಂಕಣಕ್ಕೆ ಹೋದವಳು ಅದೇ ಉಸಿರಿನಲ್ಲಿ ಹಿಂದೆ ಬರಬೇಕಲ್ಲ? ನಮ್ಮ ಕಡೆ ಅದಕ್ಕೆ ದಮ್ಮು ಹಿಡಿಯುವುದು ಅನ್ನುತ್ತಾರೆ. ನಡುವೆ ದಮ್ಮು ಮುರಿದರೆ ಔಟ್. ಇವಳಿಗೆ ಅರ್ಧಕ್ಕೇ ಕೆಮ್ಮು ಬರುತ್ತಿತ್ತು. "ಆ ಗುಡ್ಡಿ ಒಂದು ಎತ್ತಿಸು ಕಾಕಾ, ಆಮ್ಯಾಲೆ ನೋಡು ನನ್ನ ಆಟ" ಎಂದು ನನಗೆ ದಿನಾ ಹೇಳುತ್ತಿದ್ದಳು.

ಎರಡು ದಿನ ಒಳ್ಳೆ ಗಾಳಿ ಕುಡಿಯಲಿ ಎಂದು ಹುಡುಗರು ಟೀಮನ್ನು ಚಿಂಚೋಳಿ ಆಚೆ ಕುಂಚಾವರಂ ಕಾಡಿಗೆ ಕರೆದುಕೊಂಡು ಹೋದರು. ನಾನೂ ಹೋದೆ. ಜೀಪು ಇಳಿದು ನೋಡುತ್ತೇನೆ, ನಮ್ಮ ಹುಡುಗಿಯರು ಗಿಡಗಳ ಮುಂದೆ ನಿಂತು ಫ್ರಾಕಿನ ಅಂಚಿನಿಂದ ಎಲೆ ಒರೆಸುತ್ತಿದ್ದಾರೆ. ಎಲೆ ಮುಟ್ಟುವ ಮೊದಲು ಒರೆಸಬೇಕು ಎಂಬುದು ಅವರಿಗೆ ಹುಟ್ಟಿನಿಂದ ಬಂದ ರೂಢಿ. ಒರೆಸಿದರು, ಅಂಚು ನೋಡಿಕೊಂಡರು. ಏನೂ ಹತ್ತಿರಲಿಲ್ಲ.

ಕ್ಯಾಪ್ಟನ್ ಕಾಡನ್ನೆಲ್ಲ ಒಮ್ಮೆ ನೋಡಿ ಕನ್ನಡಕದ ಹುಡುಗಿಯನ್ನು ಕೇಳಿದಳು: "ಅಕ್ಕಾ, ಇಷ್ಟೊಂದು ಎಲಿ ದಿನಾ ಯಾರು ತೊಳೀತಾರ?"

ಕಟ್ಟಿಗೆ ಹೊತ್ತು ಬರುತ್ತಿದ್ದ ತಾಂಡಾದ ಮುದುಕಿಗೆ ನಗು ಬಂತು. "ಯಾರು ತೊಳೀತಾರ ಕೂಸ? ಮಳಿ ತೊಳೀತದ."

"ನಮ್ಮಲ್ಲೂ ಬರ್ತದಲ್ಲ ಅಜ್ಜಿ ಮಳಿ!"

"ತೊಳ್ಯಂಗಿಲ್ಲೇನು ಮತ್ತ?"

"ಇಲ್ಲ," ಅಂದಳು ಕ್ಯಾಪ್ಟನ್. "ನಮ್ಮಲ್ಲಿ ಅದು ಪುಡಿ ಕಲಸಿ ಎಲಿಗಿ ಸಿಮೆಂಟಿನಂಗ ಗಿಲಾವ್ ಮಾಡಿ ಹೋಗ್ತದ."

ಸೇಡಂನ ಪಂದ್ಯ

ಸೇಡಂನಲ್ಲಿ ಹುಡುಗಿಯರ ಕಬಡ್ಡಿ ಪಂದ್ಯ ಇತ್ತು. ಮೊದಲ ಆಟದಲ್ಲೇ ನಮ್ಮ ಕ್ಯಾಪ್ಟನ್‌ಗೆ ಗೆರೆ ದಾಟುವ ಮೊದಲೇ ಕೆಮ್ಮು ಬಂತು. ಎಂಥ ಕೆಮ್ಮು! ಎರಡು ಮಡಿಕೆಯಾಗಿ ಬಗ್ಗಿದಳು. ಕೊರೊನಾ ಕಂಡ ಮಕ್ಕಳಲ್ಲವೇ, ಎದುರಾಳಿ ಹುಡುಗಿಯರು ಏಳೂ ಮಂದಿ ಮೂಗು ಮುಚ್ಚಿಕೊಂಡು ಹಿಂದಿನ ಗೆರೆಗೆ ಹೋಗಿ ಅಂಟಿಕೊಂಡರು. ಕೆಮ್ಮು ನಿಂತ ಮೇಲೆ ಇವಳು 'ಕಬಡ್ಡಿ ಕಬಡ್ಡಿ' ಎಂದು ಆರಾಮಾಗಿ ಹೋಗಿ ಬೋನಸ್ ಗೆರೆ ಮುಟ್ಟಿ ಬಂದಳು. ಒಬ್ಬರೂ ಹತ್ತಿರ ಬರಲಿಲ್ಲ.

ಅಷ್ಟು ಸಾಕಾಯಿತು. ಆಮೇಲೆ ನಮ್ಮ ಹುಡುಗಿಯರು ಸರದಿಯ ಮೇಲೆ ಕೆಮ್ಮಿದರು. ಕೆಮ್ಮು ಬಾರದವರೂ ಕೆಮ್ಮಿದರು. ಸೀಟಿ ಹುಡುಗ ತಲೆ ಮೇಲೆ ಕೈ ಹೊತ್ತು ಕೂತ. "ಕಾಕಾ, ನಾ ಇದನ್ನ ಕಲಿಸಿಲ್ರಿ!"

"ನೀ ಕಲಿಸಿಲ್ಲಪಾ," ಅಂದೆ. "ಟ್ರ್ಯಾಕ್ಟರ್‌ನವರು ಕಲಿಸ್ಯಾರ."

ಹೀಗೆ ಕೆಮ್ಮುತ್ತ ಕೆಮ್ಮುತ್ತ ಫೈನಲ್ ತಲುಪಿದೆವು. ಫೈನಲ್ಲಿನಲ್ಲಿ ಎದುರಿಗೆ ಬಂದವರು ಇನ್ನೊಂದು ಧೂಳಿನೂರಿನವರು. ನಮ್ಮವಳು ಗೆರೆಯ ಮೇಲೆ ನಿಂತು ಕೆಮ್ಮಿದಳು. ಅವರು ಹಿಂದೆ ಸರಿಯಲಿಲ್ಲ. ಅವರೂ ಕೆಮ್ಮಿದರು, ನಮಗಿಂತ ಚೆನ್ನಾಗಿ ಕೆಮ್ಮಿದರು.

ಕೊನೆಯ ದಾಳಿ. ಒಂದು ಪಾಯಿಂಟ್ ಬೇಕು. ಕ್ಯಾಪ್ಟನ್ ಹೋದಳು, ಒಬ್ಬಳನ್ನು ಮುಟ್ಟಿದಳು, ತಿರುಗಿದಳು. ನಮ್ಮ ಗೆರೆ ಇನ್ನು ಒಂದು ಮಾರು ದೂರ. ಆಗ ಬಂತು ನೋಡಿ, ಖರೇ ಕೆಮ್ಮು. ದಮ್ಮು ಮುರಿಯಿತು. ಪಂದ್ಯದವರು ಸೀಟಿ ಊದಿದರು: ಔಟ್. ಗೆರೆಯ ಮುಂದೆಯೇ ಮಂಡಿಯೂರಿ ಕೂತಳು. ಅಲ್ಲೇ ಅತ್ತಳು.

ಎರಡನೇ ಬಹುಮಾನ ಎಂದು ಒಬ್ಬೊಬ್ಬರಿಗೂ ಒಂದೊಂದು ಸ್ಟೀಲ್ ತಾಟು. ಕೊಡಲು ಬಂದ ಮುಖ್ಯ ಅತಿಥಿ ಯಾರು? ನಮ್ಮ ಸುಣ್ಣದ ಸಾಹೇಬರೇ. ಮೈಕಿನಲ್ಲಿ ಹೇಳಿದರು: "ಇಂಥ ಪ್ರತಿಭಾವಂತ ಹುಡುಗಿಯರಿಗೆ ಒಳ್ಳೆಯ ಮೈದಾನ ಬೇಕು. ಅದನ್ನು ನಾನು ಮಾಡಿಸಿಕೊಡುತ್ತೇನೆ."

ಕ್ಯಾಪ್ಟನ್ ತಾಟು ತೆಗೆದುಕೊಂಡು ಕೆಳಗಿಳಿದು ಬಂದಳು. ಅತ್ತ ಕಣ್ಣು ಇನ್ನೂ ಕೆಂಪಗಿದ್ದವು. "ಕಾಕಾ, ಈ ತಾಟು ಮಾಳಗಿ ಮ್ಯಾಲ ಇಡ್ತೀನಿ. ಅವ್ವ ತೊಳದ್ಲಂದ್ರ ಅವ್ವನೂ ಔಟ್."

ಮೈದಾನದ ಉದ್ಘಾಟನೆ

ಸಾಹೇಬರು ಮಾತಿಗೆ ತಪ್ಪಲಿಲ್ಲ. ಅದೇ ನಮ್ಮ ನಸೀಬು.

ಒಂದು ದಿನ ಜೆಸಿಬಿ ಬಂತು, ರೋಲರ್ ಬಂತು. ಗುಡ್ಡೆಗೆ ಬಕೆಟ್ ಹಾಕಿದಾಗ ಓಣಿಯ ಹೆಂಗಸರು ಕೈ ಮುಗಿದರು. ನಾನು, ಜನ್ಮದಲ್ಲಿ ಸರಕಾರಕ್ಕೆ ಜೈ ಅನ್ನದವನು, ಬಾಯಿ ತೆರೆದಿದ್ದೆ. ಪುಣ್ಯಕ್ಕೆ ಅನ್ನಲಿಲ್ಲ. ಜೆಸಿಬಿ ಆ ಪುಡಿಯನ್ನು ಎತ್ತಿ ನಮ್ಮ ಆಟದ ಬಯಲಿನ ತುಂಬ ಹರವಿತು. ರೋಲರ್ ಮೇಲೆ ಓಡಾಡಿತು. ಗುಡ್ಡೆ ಮಾಯ. ಮೈದಾನ ತಯಾರು. ಒಂದೇ ಏಟಿಗೆ ನಮ್ಮ ಅರ್ಜಿಯೂ ಮುಗಿಯಿತು, ಅವರ ಮಾತೂ ಉಳಿಯಿತು.

ನಾನು ಆಫೀಸಿಗೆ ಹೋಗಿ ಮೇಜು ಬಡಿದೆ. ಸಾಹೇಬರು ಶಾಂತವಾಗಿ ಹೇಳಿದರು: "ಗುಡ್ಡಿ ಎತ್ತಿಸ್ರಿ ಅಂದಿದ್ರಿ. ಎತ್ತಿಸೀವಿ. ಈಗ ಗುಡ್ಡಿ ಎಲ್ಲದ ತೋರಸ್ರಿ?"

ಉದ್ಘಾಟನೆಯ ದಿನ ಪೆಂಡಾಲು, ಹಾರ, ಮೈಕು. ಹುಡುಗಿಯರು ಬಿಳಿ ನೆಲದ ಮೇಲೆ ಸಾಲಾಗಿ ನಿಂತಿದ್ದರು. ಕಾಲೇಜಿನ ಮಕ್ಕಳು ತಲೆ ತಗ್ಗಿಸಿ ಒಂದು ಮೂಲೆಯಲ್ಲಿ. ಸಾಹೇಬರು ಮೈಕು ಹಿಡಿದರು: "ಆರೋಗ್ಯವೇ ಭಾಗ್ಯ. ಈ ಮೈದಾನದಿಂದ ಈ ಮಕ್ಕಳ ಆರೋಗ್ಯ..."

ಗಾಳಿ ಬಂತು. ಇಡೀ ಮೈದಾನ ಎದ್ದು ಪೆಂಡಾಲಿನೊಳಗೆ ಬಂತು. ಸಾಹೇಬರು ಕೆಮ್ಮಿದರು. ಸಾವರಿಸಿಕೊಂಡು "ಆರೋಗ್ಯ" ಅಂದರು. ಮತ್ತೆ ಕೆಮ್ಮಿದರು.

ಕ್ಯಾಪ್ಟನ್‌ಳ ತಾಯಿ ನೀರಿನ ಗ್ಲಾಸು ತಂದಳು. ಬಹುಮಾನದ ಅದೇ ತಾಟಿನ ಮೇಲೆ ಇಟ್ಟು ತಂದಳು.

"ಕುಡೀರಿ ಸಾಹೇಬ್ರ. ತಾಟು ತೊಳದಿಲ್ಲ, ತಪ್ಪು ತಿಳ್ಕೋಬ್ಯಾಡ್ರಿ. ಮಗಳು ಆಣಿ ಹಾಕ್ಯಾಳ."

ಸಾಹೇಬರು ಗ್ಲಾಸು ಎತ್ತಿದರು. ತಾಟಿನ ತುಂಬ ದಪ್ಪ ಬಿಳಿ ಪುಡಿ. ಅದರ ನಡುವೆ ಗ್ಲಾಸಿನ ಬುಡದ ದುಂಡನೆಯ ಗುರುತು. ಸಾಹೇಬರು ಅದನ್ನೇ ನೋಡಿದರು. ಮೊದಲ ಸಾಲಿನವರೆಲ್ಲ ನೋಡಿದರು.

ಕ್ಯಾಪ್ಟನ್ ಬಹಳ ಮರ್ಯಾದೆಯಿಂದ ಕೇಳಿದಳು: "ಸರ್, ಇದೂ ಸುಣ್ಣ ಏನ್ರಿ?"

ಸಾಹೇಬರು ಉತ್ತರ ಕೊಡಲು ಬಾಯಿ ತೆರೆದರು. ಕೆಮ್ಮು ಹಿಡಿಯಿತು. ಮಾತು ಅರ್ಧಕ್ಕೇ ಕಡಿಯಿತು. ಅಷ್ಟರಲ್ಲಿ ಮೂಲೆಯಿಂದ 'ಫುರ್ರ್' ಎಂದು ಸೀಟಿ. ನಮ್ಮ ಸೀಟಿ ಹುಡುಗನದು. ದಮ್ಮು ಮುರಿದದ್ದು ಕಂಡರೆ ಅವನ ಕೈ ತಾನಾಗಿ ಸೀಟಿಗೆ ಹೋಗುತ್ತದೆ, ಬೇಕೆಂದು ಊದಿದ್ದಲ್ಲ ಎಂದು ಅವನು ಇವತ್ತಿಗೂ ಆಣೆ ಮಾಡುತ್ತಾನೆ. ಆದರೆ ಹುಡುಗಿಯರು ಬೇಕೆಂದೇ ಕೈ ಎತ್ತಿ ಒಟ್ಟಿಗೆ ಕೂಗಿದರು:

"ಸಾಹೇಬ್ರು ಔಟ್!"

ಇಡೀ ಓಣಿ ನಕ್ಕಿತು. ನಕ್ಕು ನಕ್ಕು ಕೆಮ್ಮಿತು. ಸಾಹೇಬರು ಹಾರ ತೆಗೆದಿಟ್ಟು ಕಾರಿನಲ್ಲಿ ಕೂತರು, ಗಾಜು ಏರಿಸಿದರು, ಹೋದರು. ನಾನು ಕುಣಿಯುವುದೊಂದು ಬಾಕಿ. ಕ್ಯಾಪ್ಟನ್‌ಳ ಬೆನ್ನು ತಟ್ಟಿ, "ಗೆದ್ದೆವವ್ವಾ, ಇವತ್ತು ಗೆದ್ದೆವು!" ಅಂದೆ.

ಅವಳು ಕಾರು ಹೋದ ದಾರಿ ನೋಡಿದಳು. ಆಮೇಲೆ ತನ್ನ ಬಿಳಿಯ ಪಾದ ನೋಡಿಕೊಂಡಳು.

"ಇದ್ಯಾವ ಆಟ ಕಾಕಾ?" ಅಂದಳು. "ಔಟ್ ಆದವ್ರು ಚಲೋ ಗಾಳಿಗಿ ಹೋದ್ರು. ಗೆದ್ದವ್ರು ಇಲ್ಲೇ ಧೂಳಿನಾಗ ನಿಂದ್ರಬೇಕೇನು?"