ದಬ್ಬಣದಲ್ಲಿ ಹೊಲಿದ ಕೌದಿ

2006ರ ಡಿಸೆಂಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಕೊಪ್ಪದ ನಮ್ಮ ಮನೆಯ ಹಾಲ್‌ನಲ್ಲಿ, ನಾನು ಮೊಮ್ಮಗಳ ಕೌದಿಯನ್ನು ಪಕ್ಕದ ಮನೆಯವರ ಜಮಖಾನಕ್ಕೆ ಸೇರಿಸಿ ಹೊಲಿದೆ. ಘಟನೆಯಲ್ಲಿ ಯಾರಿಗೂ ಪ್ರಾಣಾಪಾಯವಾಗಿಲ್ಲ.

ವಿವರ ಹೀಗಿದೆ. ಮಗಳು ಬಾಣಂತನಕ್ಕೆ ಬಂದಿದ್ದಳು. ಮರುದಿನ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಎಳೆಮಗುವಿನ ಮೈಗೆ ಹೊಸ ಬಟ್ಟೆ ತಾಗಬಾರದು, ಹಿರಿಯರು ಉಟ್ಟು ಮೆತ್ತಗಾದದ್ದೇ ಆಗಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಅದಕ್ಕೆಂದೇ ನನ್ನ ಹೆಂಡತಿ ವನಜ ತೀರಿಹೋದ ತನ್ನ ಅಮ್ಮನ ಹಸಿರು ಹತ್ತಿ ಸೀರೆಯನ್ನು ಎತ್ತಿಟ್ಟಿದ್ದಳು. ಅಮ್ಮನದೆಂದು ಉಳಿದಿದ್ದ ಸೀರೆ ಅದೊಂದೇ.

ಮಗುವಿಗೆ ತಾಗುವಂತೆ ಮೇಲೆ ಸೀರೆ, ನಡುವೆ ಹಳೆಯ ಹೊದಿಕೆ, ಅಡಿಯಲ್ಲಿ ಬಣ್ಣಬಣ್ಣದ ತುಂಡುಬಟ್ಟೆಗಳ ಜೋಡಣೆ. ಪದರಗಳು ಜಾರದಂತೆ ಕಚ್ಚಾ ಹೊಲಿಗೆ ಹಾಕಿಕೊಟ್ಟರೆ ಉಳಿದದ್ದನ್ನು ವನಜ ಮೆಷಿನ್ನಿನಲ್ಲಿ ಹೊಲಿಯುತ್ತಾಳೆ. ಆದರೆ ಅವಳಿಗೆ ಸೊಂಟ ಹಿಡಿದಿತ್ತು. ನೆಲದ ಮೇಲೆ ಕೂತು ಬಗ್ಗುವಂತಿರಲಿಲ್ಲ.

"ನಾನು ಹಾಕ್ತೀನಿ ಬಿಡು" ಎಂದೆ.

"ನೀವಾ?"

"ಹೊಲಿಗೆ ಅಂದ್ರೆ ಹೊಲಿಗೆ. ಅದ್ರಲ್ಲಿ ಎಂತ ಇದೆ?"

ಹಾಗೆನ್ನಲು ನನಗೆ ಅಧಿಕಾರವಿತ್ತು. ಕಮ್ಮರಡಿಯಲ್ಲಿ ಅಡಿಕೆ ಮೂಟೆಗಳ ಬಾಯಿ ಹೊಲಿದೇ ದೊಡ್ಡವನಾದವನು ನಾನು. ಪತ್ರಿಕೆಗೆ ತಾಲ್ಲೂಕಿನ ಸುದ್ದಿ ಬರೆಯತೊಡಗಿದ ಮೇಲೂ ಕೈ ಆ ವಿದ್ಯೆಯನ್ನು ಮರೆತಿರಲಿಲ್ಲ. ವನಜ ಕೊಟ್ಟ ಸೂಜಿ ಕಣ್ಣಿಗೇ ಕಾಣುತ್ತಿರಲಿಲ್ಲ. ಅದನ್ನು ಬದಿಗಿಟ್ಟು, ಮೂಟೆ ಹೊಲಿಯುವ ದಬ್ಬಣ ಹುಡುಕಿ ಸುತಳಿ ಪೋಣಿಸಿದೆ.

ಮರುದಿನದ ನೆಂಟರಿಗಾಗಿ ಪಕ್ಕದ ಮನೆಯ ಸುಮಿತ್ರಕ್ಕ ಕೊಟ್ಟಿದ್ದ ಜಮಖಾನ ಹಾಲ್‌ನಲ್ಲಿ ಹಾಸಿಯೇ ಇತ್ತು. ಅದರ ಮೇಲೆ ಮೂರೂ ಪದರ ಹರಡಿದೆ. ನಡುವಿನಿಂದ ಅಂಚಿಗೆ ಸವರಿ ಸುಕ್ಕು ತೆಗೆದೆ. ಮೂಲೆಗಳಿಗೆ ರುಬ್ಬುಗುಂಡು, ಇಸ್ತ್ರಿಪೆಟ್ಟಿಗೆ, ಎಲೆಅಡಿಕೆ ಕುಟ್ಟಾಣಿ, ಟೆಲಿಫೋನ್ ಡೈರೆಕ್ಟರಿ ಹೇರಿದೆ. ಇಲ್ಲಿಯವರೆಗೆ ಎಲ್ಲವೂ ಶಾಂತಿಯುತವಾಗಿತ್ತು.

ಅಡುಗೆಮನೆಯಿಂದ ಆದೇಶ ಬಂತು: "ಅಡೀದು ಬಿಟ್ಟುಹೋಗ್ಬಾರ್ದು ನೋಡಿ! ಎಲ್ಲಕ್ಕಿಂತ ಅಡೀದಕ್ಕೂ ದಾರ ಹಿಡೀಬೇಕು!"

ನೋಡಿದೆ. ಎಲ್ಲಕ್ಕಿಂತ ಅಡಿಯಲ್ಲಿದ್ದದ್ದು ಜಮಖಾನ. ಹೇಳಿಕೆಯನ್ನು ಬದಲಿಸದೆ ವರದಿ ಮಾಡುವುದು ನನ್ನ ವೃತ್ತಿಧರ್ಮ. ಜಮಖಾನದ ಅಡಿಗೆ ಕೈ ತೂರಿಸಿ ದಬ್ಬಣವನ್ನು ಆಚೆಗೆ ಎಳೆದೆ. ಸ್ವಲ್ಪ ಬಿಗಿಯೆನಿಸಿತು. ಮೊಣಕಾಲು ಊರಿ ಎಳೆದೆ. ಪ್ರತಿ ಹೊಲಿಗೆಗೂ ಮೂಟೆಗೆ ಹಾಕುವ ಗಂಟು. ನಡುಮಧ್ಯದಲ್ಲಿ, ಭದ್ರತೆಯ ದೃಷ್ಟಿಯಿಂದ, ಗಂಟಿನ ಮೇಲೆ ಗಂಟು!

"ಆತಾ?" ಎಂದಳು ವನಜ.

"ಆತು! ನಿನ್ನ ಮೊಮ್ಮಗಳ ಮದುವೆ ಆದ್ರೂ ಇದು ಬಿಚ್ಚಲ್ಲ!"

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

"ಬಿಚ್ಚಬೇಕು ಅಂತ್ಲೇ ಹಾಕೋ ಹೊಲಿಗೆ ಮಾರಾಯ್ರೇ ಅದು!"

ಸೊಂಟ ಹಿಡಿದುಕೊಂಡೇ ಬಂದು ಕೌದಿಯ ಒಂದು ಮೂಲೆ ಎತ್ತಿದಳು. ಕೌದಿ ಎದ್ದಿತು. ಜಮಖಾನವೂ ಎದ್ದಿತು. ರುಬ್ಬುಗುಂಡು ಉರುಳಿತು. ಒಳಗೆ ಮಗು ಎದ್ದಿತು!

"ನೀನೇ ಹೇಳಿದ್ದಲ್ವಾ, ಎಲ್ಲಕ್ಕಿಂತ ಅಡೀದು ಅಂತ?" ಎಂದೆ.

"ಕೌದಿ ಅಡೀದು! ಜಮಖಾನ ಎಂತಕೆ, ನೆಲಕ್ಕೇ ಸೇರಿಸಿ ಹೊಲೀಬೇಕಿತ್ತು ನೀವು!"

ಮಗುವಿನ ಅಳು ಕೇಳಿ ಸುಮಿತ್ರಕ್ಕ ಬಂದರು. ನೋಡಿದರು. ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. "ಇದನ್ನ ನಿಮ್ಮ ಪೇಪರಲ್ಲಿ ಹಾಕಿ ಮಾರಾಯ್ರೇ, ಫೋಟೋ ಸಮೇತ!"

ಮೂವರೂ ಸೇರಿ ಗಂಟು ಕತ್ತರಿಸತೊಡಗಿದೆವು. ಅಂಚಿನವು ಬಂದವು. ಬಾರದ್ದು ನಡುಮಧ್ಯದ ಗಂಟು. ಸುತಳಿ ಸೀರೆಯೊಳಗೆ ಹೂತಿತ್ತು, ಕತ್ತರಿ ತೂರಲು ಜಾಗವಿರಲಿಲ್ಲ. ಹಿಡಿದು ಎಳೆದೆ. ಸೀರೆ ಪರ್ ಎಂದಿತು.

ವನಜ ನನ್ನ ಕೈ ಹಿಡಿದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಅಮ್ಮಂದು ಅದು" ಎಂದಳು, ಅಷ್ಟೇ.

ಸುಮಿತ್ರಕ್ಕನ ನಗು ನಿಂತಿತು. ಕತ್ತರಿ ಕಸಿದುಕೊಂಡು ಎಲ್ಲವನ್ನೂ ಮಗುಚಿ ಹಾಕಿದರು.

"ಅಕ್ಕಾ, ಜಮಖಾನ!" ಎಂದೆ.

"ಸುಮ್ನಿರಿ ನೀವು. ಜಮಖಾನ ಪೇಟೇಲಿ ಸಿಗುತ್ತೆ. ಇವಳಮ್ಮನ ಸೀರೆ ಎಲ್ಲಿ ಸಿಗುತ್ತೆ?"

ಗಂಟಿನ ಸುತ್ತ ಅಂಗೈ ಅಗಲದ ಜಮಖಾನ ಕತ್ತರಿಸಿ, ಆ ತುಂಡನ್ನು ಕೌದಿಯ ಅಡಿಗೇ ಬಿಟ್ಟರು. ಸೀರೆ ಉಳಿಯಿತು. ಆಮೇಲೆ ಸುಮಿತ್ರಕ್ಕ ಆ ಕಾಣದ ಸೂಜಿಯಲ್ಲೇ ಉದ್ದುದ್ದ, ಸಡಿಲ ಹೊಲಿಗೆ ಹಾಕಿದರು. ದಾರ ಪೋಣಿಸುವ ಕೆಲಸವನ್ನೂ ನನಗೆ ಕೊಡಲಿಲ್ಲ. ಮಗುವನ್ನು ಎತ್ತಿಕೊಳ್ಳಲು ಬಿಟ್ಟರು, ಅದೂ ಕೂತುಕೊಂಡು!

ಮಧ್ಯಾಹ್ನ ವನಜ ಮೆಷಿನ್ ತುಳಿದಳು. ಜಮಖಾನದ ನೀಲಿ ಪಟ್ಟೆ, ಅಡಿಯ ಬಣ್ಣಬಣ್ಣದ ತುಂಡುಗಳ ನಡುವೆ ಇನ್ನೊಂದು ತುಂಡಾಗಿ ಸೇರಿಕೊಂಡಿತು. ಮರುದಿನ ಮಗು ಮುತ್ತಜ್ಜಿಯ ಸೀರೆಯ ಮೇಲೆ ಮಲಗಿ, ನೆಂಟರ ಗದ್ದಲಕ್ಕೂ ಏಳದೆ ನಿದ್ದೆ ಮಾಡಿತು.

ಹೊಸ ಜಮಖಾನ ತಂದುಕೊಡುತ್ತೇನೆಂದರೆ ಸುಮಿತ್ರಕ್ಕ ಒಪ್ಪಲಿಲ್ಲ. ಅವರ ಮನೆಯ ಪೂಜೆಗೆ ಈಗಲೂ ಅದನ್ನೇ ಹಾಸುತ್ತಾರೆ. ತೂತಿನ ಮೇಲೆ ನನ್ನನ್ನು ಕೂರಿಸುತ್ತಾರೆ.