ಮೈದುನನ ವಾಯರಿನಲ್ಲಿ ನನ್ನ ಪಾಳಿ

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ನಮ್ಮ ದಿಗ್ಗೇವಾಡಿಯಲ್ಲಿ ಹೊತ್ತು ಹುಟ್ಟುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ತನ್ನ ವಾಯರಿನಿಂದಲೇ ನಡೆಯುತ್ತದೆ ಎಂದು ನಂಬಿದ ಮನುಷ್ಯ ಒಬ್ಬನಿದ್ದ. ನನ್ನ ದುರ್ದೈವ ನೋಡಿ, ಅವನು ನನ್ನ ಮೈದುನ!

ಗಂಡನ ತಮ್ಮ ಅಂದಮೇಲೆ ನಾಲ್ಕು ಒಳ್ಳೆಯ ಮಾತು ಆಡಬೇಕು. ಹುಡುಕಿದರೆ ಒಂದು ಸಿಗುತ್ತದೆ. ಊರಿಗೆ ಕೇಬಲ್ ಟಿವಿ ತಂದವನು ಅವನೇ, ಆಮೇಲೆ ಅದೇ ಕಂಬಗಳ ಮೇಲೆ ಇಂಟರ್‌ನೆಟ್ ಎಳೆದವನೂ ಅವನೇ. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ. ಸಂಸಾರವೆಲ್ಲ ಕಂಬದ ಜೊತೆಗೆ. ನನಗೆ ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ಬರುತ್ತದೆ, ಅದೂ ಬಸ್ಸು ನಿಂತಿದ್ದರೆ. ಆದರೆ ಬೆರಳಷ್ಟೂ ದಪ್ಪವಿಲ್ಲದ ವಾಯರಿನಲ್ಲಿ ಊರ ಮಂದಿಯ ಮದುವೆ, ಜಗಳ, ಸಿನಿಮಾ ಎಲ್ಲ ಹೇಗೆ ತೂರಿ ಬರುತ್ತವೆ ಎಂದು ಕುತೂಹಲ ತಡೆಯಲಾರದೆ ಕೇಳುತ್ತಿದ್ದೆ.

"ಅದು ನಿಮಗ ತಿಳಿಯೂದಿಲ್ಲ ಬಿಡ್ರಿ ವೈನಿ" ಅನ್ನುತ್ತಿದ್ದ. ತನಗೂ ತಿಳಿಯದು ಎಂಬುದನ್ನು ಗಂಡಸರು ಹೀಗೆ ಹೇಳುತ್ತಾರೆ.

ಓಣಿಯ ಹೆಂಗಸರಿಗೆ ಆ ವಾಯರೆಂದರೆ ಬಟ್ಟೆ ಹಾಕುವ ಹಗ್ಗ. ಒಮ್ಮೆ ಎದುರುಮನೆಯವಳು ಒದ್ದೆ ಇಳಕಲ್ಲ ಸೀರೆ ಹರವಿದಳು. ಇವನು ನಡುಬೀದಿಯಲ್ಲಿ ನಿಂತು ಕೂಗಿದ: "ಏ ತಂಗೀ, ಮೊದಲ ಸೀರಿ ತಗೀ! ನಿನ್ನ ಸೀರಿ ಭಾರಕ್ಕ ಮುಂದಿನ ಓಣ್ಯಾಗ ಇಂಟರ್‌ನೆಟ್ ತೆವಳಾಕತ್ತೈತಿ!"

"ಒಣಗಿದ ಮ್ಯಾಲೆ ಓಡತೈತಿ ತಗೋರಿ ಅಣ್ಣಾರ!" ಅಂದಳು ಅವಳು. ಸೀರೆ ಸಂಜೆಯವರೆಗೂ ಅಲ್ಲೇ ಇತ್ತು.

ಸೀರೆ ಇರಲಿ ಬಿಡಲಿ, ನೆಟ್ಟು ಮಾತ್ರ ಮೇಲಿಂದ ಮೇಲೆ ಹೋಗುತ್ತಿತ್ತು. ಹೋದರೆ ಇವನನ್ನೇ ಕರೆಯಬೇಕು, ಬೇರೆ ಗತಿ ಎಲ್ಲಿದೆ? ಇವನು ಬಂದು ಗೋಡೆಯ ಪೆಟ್ಟಿಗೆಗೆ ಎರಡು ಏಟು ಹಾಕಿ, ಚಹಾ ಕುಡಿದು, ಎಮ್ಮೆ ಈಯಿತೇ ಎಂದು ವಿಚಾರಿಸಿ, ಇನ್ನೊಂದು ಅರ್ಧ ಕಪ್ಪು ಕುಡಿದಮೇಲೆ ನೆಟ್ಟು ಬರುತ್ತಿತ್ತು!

ಹೀಗಿರುವಾಗ ಇವನಿಗೆ ಎದುರಾಗಿ ಎದ್ದು ನಿಂತವನು ಇವನ ಹಳೆಯ ಲೈನ್‌ಮನ್. ಬುದ್ಧವಿಹಾರದ ಓಣಿಯವನು, ಎರಡು ಹೆಣ್ಣುಮಕ್ಕಳ ತಂದೆ, ಇವನ ಕೈಕೆಳಗೇ ಕಂಬ ಹತ್ತಲು ಕಲಿತವನು. ಬೇರೊಂದು ಇಂಟರ್‌ನೆಟ್ ಕಂಪನಿಯ ಏಜೆನ್ಸಿ ಹಿಡಿದು ಬಂದಿದ್ದ. ಆದರೆ ಇನ್ನೊಂದು ಸಾಲು ಕಂಬ ನೆಡಲು ಓಣಿಗಳಲ್ಲಿ ಜಾಗವಿಲ್ಲ ಎಂದು ಪಂಚಾಯಿತಿಯವರು ಕೈ ಎತ್ತಿಬಿಟ್ಟರು. ಇನ್ನು ನನ್ನ ಮೈದುನ ತನ್ನ ವಾಯರಿನಲ್ಲಿ ದಾರಿ ಬಿಡಬೇಕು. ಇಲ್ಲದಿದ್ದರೆ ಆ ಮನುಷ್ಯ ಏಜೆನ್ಸಿ ಬಿಟ್ಟು, ಮನೆ ಬಿಟ್ಟು, ಮಿರಜಿನಲ್ಲಿ ಯಾರದೋ ಕಂಬ ಹತ್ತಬೇಕು.

ಮಾತುಕತೆ ನಡೆದದ್ದು ನನ್ನ ಕಟ್ಟೆಯ ಮೇಲೆ. ನಾನು ಜೋಳ ಹಸನು ಮಾಡುತ್ತಿದ್ದೆ.

"ಕಾಕಾ, ನಿಮ್ಮ ವಾಯರಿನಾಗ ದಾರದಂಥಾ ಖಾಲಿ ಎಳಿ ಅದಾವ. ಒಂದು ನನಗ ಬಾಡಿಗಿ ಕೊಡ್ರಿ" ಅಂದ ಲೈನ್‌ಮನ್.

"ಎಮ್ಮಿ ನಂದು, ಮೇವು ನಂದು, ಹಾಲು ನಿನಗೇನಲೇ? ಒಂದ ಕೊಡದಾಗ ಇಬ್ಬರು ಹಾಲು ಹಿಂಡಿದ್ರ ಯಾರದು ಯಾವುದು ಹೆಂಗ ಗೊತ್ತಾಕ್ಕೈತಿ?"

"ಹಾಲಲ್ಲರಿ ಕಾಕಾ, ಅದರಾಗ ಬರೂದು ಬೆಳಕು. ನಿಮ್ಮ ಎಳಿ ಬ್ಯಾರೆ, ನನ್ನ ಎಳಿ ಬ್ಯಾರೆ. ಕೂಡೂದಿಲ್ಲ."

ಬೆಳಕೇ! ನಾನು ಮೊರ ಕೆಳಗಿಟ್ಟೆ. "ಹಂಗಾದ್ರ ತುದಿ ಕತ್ತರಿಸಿ ಇಣುಕಿದ್ರ ಕಾಣಸ್ತೈತೇನೋ?"

"ಕಾಣೂದಿಲ್ಲ ಆಯಿ. ಇಣುಕಾಕ ಮಾತ್ರ ಹೋಗಬ್ಯಾಡ್ರಿ, ಕಣ್ಣಿಗೆ ಕೇಡು."

ಮೈದುನನಿಗೆ ಬೆಳಕಿನ ಮಾತು ಬೇಕಿರಲಿಲ್ಲ. "ಕಬ್ಬಿನ ಟ್ರ್ಯಾಕ್ಟರ್ ವಾಯರ್ ಹರಕೊಂಡು ಹೋದಾಗ ಬಿಸಲಾಗ ಕಂಬಾ ಹತ್ತಾಂವ ನಾನು. ಇಂವ ಕುಂತಲ್ಲೇ ಉಣ್ಣಾಂವ!" ಅಂದ.

ಈ ಮಾತು ಸುಳ್ಳಲ್ಲ. ಸುಗ್ಗಿಯಲ್ಲಿ ನಮ್ಮ ರಸ್ತೆಯ ಮೇಲೆ ಕಬ್ಬು ಮಾಳಿಗೆಯಷ್ಟು ಎತ್ತರ ಹೇರಿಕೊಂಡು ಹೋಗುತ್ತಾರೆ. ಬೆವರು ಸುರಿಸಿ ಎಳೆದದ್ದನ್ನು ಇನ್ನೊಬ್ಬನಿಗೆ ಯಾಕೆ ಕೊಡಬೇಕು? ಹಾಗಂತ ಊರ ಆಕಾಶವೆಲ್ಲ ಒಬ್ಬನದೇ ಆಗಬಹುದೇ? ಯೋಚಿಸುತ್ತ ಕುಳಿತಾಗ ಹೊಳೆಯ ಪೈಪು ನೆನಪಾಯಿತು.

ಕೃಷ್ಣೆಯಿಂದ ಹೊಲಕ್ಕೆ ಪೈಪು ಎಳೆದವರು ನಮ್ಮ ಕಡೆ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಪೈಪು ಯಾರ ಹೊಲ ದಾಟುತ್ತದೋ ಅವರಿಗೆ ನೀರಿನ ಪಾಳಿ. ಪೈಪು ಒಡೆದರೆ ಪಾಳಿಯವರೆಲ್ಲ ಸಲಿಕೆ ಹಿಡಿದು ಬರಬೇಕು. ಮೈದುನನೂ ಹಾಗೊಂದು ಪೈಪಿನ ಧಣಿ.

"ತಮ್ಮಾ, ನಿನ್ನ ಪೈಪು ನಮ್ಮ ಹೊಲಾ ದಾಟೈತಿ. ನಮಗ ಪಾಳಿ ಕೊಟ್ಟಿಲ್ಲೇನು?"

"ಕೊಟ್ಟೀನಲ್ರಿ ವೈನಿ. ಅದು ಪದ್ಧತಿ."

"ಈ ವಾಯರ್ ಯಾರ ಮಾಳಗಿ ದಾಟೈತಿ?"

ಅವನು ಕತ್ತೆತ್ತಿ ನೋಡಿದ. ಅವನ ಮೂಲ ವಾಯರು ಊರೊಳಗೆ ಬರುವುದೇ ನನ್ನ ಮಾಳಿಗೆಯ ಮೇಲಿನಿಂದ!

"ನನಗೊಂದು ಪಾಳಿ ಬರತೈತಿ. ಅದನ್ನ ಇಂವಗ ಕೊಟ್ಟೀನಿ. ವಾಯರ್ ಹರದ್ರ ಇಬ್ಬರೂ ಕಂಬಾ ಹತ್ರಿ."

"ನೀರಿನ ಮಾತ ಬ್ಯಾರೆ ವೈನಿ!"

"ಏನ್ ಬ್ಯಾರೆ, ಹೇಳು."

ಅವನು ಮತ್ತೊಮ್ಮೆ ಮಾಳಿಗೆಯ ಮೇಲಿನ ವಾಯರು ನೋಡಿದ. ಪಾಳಿ ಮುರಿದವನೆಂದು ಹೆಸರು ಬಂದರೆ ನಮ್ಮಲ್ಲಿ ಯಾರೂ ಎಲೆ ಅಡಿಕೆ ಸಹ ಮುಂದೆ ಚಾಚುವುದಿಲ್ಲ. "ಆತು, ಒಂದು ಎಳಿ ತಗೋಲೇ" ಅಂದ ಲೈನ್‌ಮನ್‌ಗೆ. "ಬಾಡಿಗಿ ಮಾತ್ರ ಬಿಡೂದಿಲ್ಲ!"

ಒಂದೇ ವಾಯರಿನಲ್ಲಿ ಎರಡು ನೆಟ್ಟು ಬಂದವು. ಕೂಡಿಕೊಳ್ಳುತ್ತವೆಯೋ ಎಂದು ನಾನು ಎಂಟು ದಿನ ಮನೆಮನೆಗೆ ಹೋಗಿ ಕೇಳಿದೆ. ಕೂಡಲಿಲ್ಲ. ಸುಗ್ಗಿಯಲ್ಲಿ ಇಬ್ಬರೂ ಬೈದಾಡುತ್ತಲೇ ಕಂಬ ಹತ್ತಿದರು. ವಿಚಿತ್ರವೆಂದರೆ ಆಮೇಲೆ ನೆಟ್ಟು ಹೋಗುವುದೇ ನಿಂತುಹೋಯಿತು!

ಒಂದು ಸಂಜೆ ಮೈದುನ ಬಂದು ಕಟ್ಟೆಯ ಮೇಲೆ ಕುಳಿತ.

"ಈಗ ಯಾರೂ ಕರೆಯವಲ್ರು ವೈನಿ."

"ನೆಟ್ ಹೋಗವಲ್ದು, ಯಾಕ ಕರೀತಾರ?"

"ಮೊದಲ ಒಮ್ಮೊಮ್ಮೆ ನಾನ ಬಂದ್ ಮಾಡ್ತಿದ್ದೆ." ನೆಲ ನೋಡುತ್ತ ಹೇಳಿದ. "ಕರೀತಿದ್ರು. ಹೋಗಿ ನಾಕ ಮಾತಾಡಿ ಬರ್ತಿದ್ದೆ. ಈಗ ಬಂದ್ ಮಾಡಿದ್ರ ಮಂದಿ ಅವನ ನೆಟ್ ಹಚ್ಚಿಕೋತಾರ."

ನನಗೆ ಸಮಾಧಾನ ಹೇಳಲು ಬರುವುದಿಲ್ಲ. "ಮಂಗ್ಯಾ" ಅಂದೆ. ಎದ್ದು ಹೋದ.

ಮರುದಿನ ಮುಂಜಾನೆ ಚಹಾಕ್ಕೆ ನೀರಿಟ್ಟೆ, ಚೆನ್ನಾಗಿ ನಡೆಯುತ್ತಿದ್ದ ಟಿವಿಯ ಹಿಂದಿನ ವಾಯರನ್ನು ಕೈಯಾರೆ ಕಿತ್ತೆ, ಮಾಳಿಗೆ ಹತ್ತಿ ಓಣಿಗೆಲ್ಲ ಕೇಳುವಂತೆ ಕೂಗಿದೆ: "ಏ ತಮ್ಮಾ, ಟಿವಿ ಬಂದ್ ಬಿದ್ದೈತಿ. ಲಗೂನ ಬಾ!"